ಇಲಿವಾರದ ದಿನ ಕರೆಂಟು ಹೋದದ್ದು

ನಮ್ಮ ಮನೆಯ ಇಲಿಗಳಿಗೆ ಕೆಂಪು ವೈರೆಂದರೆ ಪ್ರಾಣ. ಕಪ್ಪು ವೈರನ್ನು ಮೂಸಿ ನೋಡಿ ಬಿಟ್ಟುಬಿಡುತ್ತವೆ, ಹಸಿರನ್ನು ಹೋಗಲಿ ಪಾಪ ಎಂಬಂತೆ ಒಂದೆರಡು ಕಡೆ ಕಚ್ಚಿಡುತ್ತವೆ, ಕೆಂಪು ಸಿಕ್ಕಿತೋ ತೊಗಟೆ ಸುಲಿದು ತಾಮ್ರ ತೋರಿಸುವವರೆಗೆ ಬಿಡುವುದಿಲ್ಲ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. "ಇಲಿಗೆ ಬಣ್ಣ ಗೊತ್ತಾಗಂಗಿಲ್ಲ, ಸುಮ್ನಿರು" ಎನ್ನುತ್ತಾರೆ ನನ್ನ ಗಂಡ. ಅವರು ಬೆಳಗ್ಗೆ ಅಂಗಡಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಶಿಕಾರಿಪುರದ ಈ ಮನೆಯಲ್ಲಿ ಹಗಲೆಲ್ಲ ಹೊಲಿಗೆ ಮಷೀನಿನ ಮುಂದೆ ಕೂತು, ಫ್ಯಾನು ನಿಂತಾಗಲೆಲ್ಲ ಬೆವರುವವಳು ನಾನು. ನನಗೆ ಗೊತ್ತಿರುವಷ್ಟು ಅವರಿಗೇನು ಗೊತ್ತು?

ನಾನು ಮದುವೆಯಾಗಿ ಬಂದದ್ದು ಸೊರಬದ ಕಡೆಯ ಚಂದ್ರಗುತ್ತಿಯಿಂದ. ಹೆಂಗಸರ ಬಟ್ಟೆ ಹೊಲಿಯುತ್ತೇನೆ. ಮನೆಯ ಮುಂಭಾಗಕ್ಕೆ ಆರ್‌ಸಿಸಿ ಹಾಕಿಸಿದ್ದೇವೆ, ಹಿಂಭಾಗ ಹಳೇ ಹೆಂಚು, ನಡುವೆ ಒಂದು ಅಟ್ಟ. ಆಗ ಆ ಅಟ್ಟದ ಮೇಲೆ ನನ್ನ ಕತ್ತರಿಯಿಂದ ಉದುರಿದ ಚೂರುಬಟ್ಟೆಗಳ ಮೂಟೆಗಳಿದ್ದವು. ಎಂದಾದರೂ ಕೌದಿ ಹೊಲಿದೇನು ಎಂಬ ಆಸೆಯಿಂದ ಕೂಡಿಟ್ಟವು. ಅಟ್ಟದ ಪಕ್ಕದಲ್ಲೇ ಇಡೀ ಮನೆಗೆ ಕರೆಂಟು ಹಂಚುವ ವೈರುಗಳು ಹಾದುಹೋಗಿವೆ. ಮೆತ್ತನೆಯ ಹಾಸಿಗೆ, ಕೈಗೆಟುಕುವಲ್ಲಿ ತಿಂಡಿ. ಇಲಿಗಳು ಬರದೆ ಇನ್ನೇನು ಮಾಡಿಯಾವು?

ನಾನು ಸುಮ್ಮನೆ ಕೂತವಳಲ್ಲ. ಮೊದಲು ನುಸಿಗುಳಿಗೆ ಇಟ್ಟೆ. ಇಲಿಗಳು ಅವನ್ನು ಅಟ್ಟದ ಮೇಲೆ ಉರುಳಿಸಿ ಆಡಿದವು. ಒಂದು ಗುಳಿಗೆ ಮೇಲಿನಿಂದ ಬಿದ್ದು, ಅಳತೆ ಕೊಡಲು ಬಂದ ಟೀಚರೊಬ್ಬರ ಕಾಫಿ ಲೋಟದೊಳಗೆ ಇಳಿಯಿತು. ಆಮೇಲೆ ಯಾರೋ ಹೇಳಿದರೆಂದು ವೈರಿನುದ್ದಕ್ಕೂ ಖಾರದಪುಡಿ ಉದುರಿಸಿದೆ. ಫ್ಯಾನು ಹಾಕಿದ್ದೇ ತಡ, ಮನೆಮಂದಿಯೆಲ್ಲ ಸೀನಿ ಸೀನಿ ಸುಸ್ತು. ಗಂಡ ಅಂಟು ಹಚ್ಚಿದ ರಟ್ಟು ತಂದರು, ಅದಕ್ಕೆ ಸಿಕ್ಕಿಬಿದ್ದದ್ದು ಅವರದೇ ಚಪ್ಪಲಿ. ತವರಿನಿಂದ ಒಂದು ಬೆಕ್ಕು ತಂದೆ. ಅದು ಬಂದ ದಿನವೇ ನನ್ನ ಚೂರುಬಟ್ಟೆಯ ಮೂಟೆ ಹತ್ತಿ ಮಲಗಿತು. ಇಲಿಗಳು ಅದರ ಪಕ್ಕದಲ್ಲೇ ಓಡಾಡುತ್ತಿದ್ದವು, ನೆರೆಹೊರೆಯವರ ಹಾಗೆ. ಕಡೆಗೆ, ಗೋಡೆಗೆ ಸಿಕ್ಕಿಸಿದರೆ ಮನುಷ್ಯರಿಗೆ ಕೇಳದ ಸದ್ದು ಮಾಡಿ ಇಲಿ ಓಡಿಸುವ ಯಂತ್ರವೊಂದನ್ನು ತರಿಸಿದೆವು. ಇಲಿಗಳು ಮೊದಲು ಅದರ ವೈರನ್ನೇ ಕಡಿದವು. ಅವತ್ತು ನಾನು ಸಿಟ್ಟಿಗೆ ಅಳಬೇಕೋ ನಗಬೇಕೋ ತಿಳಿಯದೆ ನೆಲದ ಮೇಲೆ ಕೂತುಬಿಟ್ಟೆ.

ಪಾಷಾಣ ಇಡುವ ಮಾತೇ ಇರಲಿಲ್ಲ. ಅತ್ತೆ ಬಿಡುತ್ತಿರಲಿಲ್ಲ. ನಮ್ಮ ಮಾವನೂ ದರ್ಜಿಯಾಗಿದ್ದವರು, ಈಗಿಲ್ಲ. ಈ ಕಡೆಯ ದರ್ಜಿಗಳ ಮನೆಗಳಲ್ಲಿ ಗಣಪತಿ ಹಬ್ಬದ ಮರುದಿನ ಇಲಿವಾರ. ಅವತ್ತು ಕತ್ತರಿ ಮುಟ್ಟುವಂತಿಲ್ಲ, ಸೂಜಿಗೆ ದಾರ ಪೋಣಿಸುವಂತಿಲ್ಲ, ಒಟ್ಟಿನಲ್ಲಿ ಏನನ್ನೂ ಕತ್ತರಿಸುವಂತಿಲ್ಲ. ಇಲಿಗೆ ಎಡೆ ಇಟ್ಟು "ವರ್ಷವೆಲ್ಲ ನಮ್ಮ ಬಟ್ಟೆ ಕಡೀಬ್ಯಾಡಪ್ಪ" ಎಂದು ಕೇಳಿಕೊಳ್ಳಬೇಕು. ಚಂದ್ರಗುತ್ತಿಯಲ್ಲಿ ನಾನು ಇಂಥದ್ದನ್ನು ಕೇಳಿಯೂ ಇರಲಿಲ್ಲ. ಬಂದ ಹೊಸತರಲ್ಲಿ "ಎಂತಕೆ ಅತ್ತೆ, ಒಂದಿನ ಊಟ ಹಾಕಿದ್ರೆ ಇಲಿಗೆ ವರ್ಷವಿಡೀ ನೆನಪಿರ್ತದಾ?" ಎಂದು ಕೇಳಿ ಚೆನ್ನಾಗಿ ಬೈಸಿಕೊಂಡಿದ್ದೆ.

ಆದರೆ ಈ ಸಲದ ಇಲಿವಾರದಲ್ಲಿ ತಮಾಷೆ ಮಾಡುವ ಧೈರ್ಯ ನನಗೂ ಇರಲಿಲ್ಲ. ನನ್ನ ನಾದಿನಿಯನ್ನು ಸೊರಬದ ಹತ್ತಿರ ಕುಪ್ಪಗಡ್ಡೆಗೆ ಕೊಟ್ಟಿದ್ದಾರೆ. ಅವಳಿಗೆ ಏಳನೇ ತಿಂಗಳು. ಹಿಂದೊಮ್ಮೆ ಹೀಗೇ ಬಸಿರಾಗಿದ್ದಾಗ, ಅವಳಿಗೆಂದು ಅತ್ತೆ ತಂದು ಪೆಟ್ಟಿಗೆಯಲ್ಲಿಟ್ಟಿದ್ದ ಹಸಿರು ಸೀರೆಯನ್ನು ಇಲಿ ಕಡಿದಿತ್ತು. ಅದಾದ ಸ್ವಲ್ಪ ದಿನಕ್ಕೇ ಬಸಿರು ನಿಲ್ಲಲಿಲ್ಲವೆಂದು ಕುಪ್ಪಗಡ್ಡೆಯಿಂದ ಫೋನು ಬಂತು. ಅದಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ ಎಂದು ಡಾಕ್ಟರೂ ಹೇಳಿದರು, ನಾನೂ ಹೇಳಿದೆ. ಅತ್ತೆ ಹೂಂಗುಟ್ಟಿದರು. ನಂಬಲಿಲ್ಲ.

ಈಗ ಪಿತೃಪಕ್ಷ ಬರುವುದರೊಳಗೆ ಕುಬಸದ ಕಾರ್ಯ ಮುಗಿಸಬೇಕೆಂದು ಇಲಿವಾರದ ಮರುದಿನವೇ ಗೊತ್ತು ಮಾಡಿದ್ದರು. ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಕುಬಸವೆಂಬ ಹೊಸ ರವಿಕೆ ತೊಡಿಸಿ ಮಡಿಲು ತುಂಬುವ ಕಾರ್ಯ ಅದು. ಕುಬಸ ಹೊಲಿಯುವವಳು ನಾನೇ. ಹಬ್ಬದ ಗಿರಾಕಿಗಳ ರಾಶಿಯಲ್ಲಿ ಮನೆಯವರದು ಹಿಂದೆ ಬಿತ್ತು. ದರ್ಜಿಗಳ ಮನೆಯಲ್ಲಿ ಯಾವಾಗಲೂ ಹಾಗೇ, ಊರವರದೆಲ್ಲ ಆದಮೇಲೆ ನಮ್ಮದು. ಹಬ್ಬದ ಹಿಂದಿನ ದಿನ ಬಟ್ಟೆ ಕತ್ತರಿಸಿ ಇಟ್ಟಿದ್ದೆ. ಇಲಿವಾರ ಕಳೆದು ಮರುದಿನ ಬೆಳಗಾಗುತ್ತಲೇ ಮಷೀನಿಗೆ ಕೂತು ಹೊಲಿದು, ಹಾಗೇ ಬಸ್ಸು ಹತ್ತುವುದು ಎಂದು ನನ್ನ ಲೆಕ್ಕ. ಕತ್ತರಿಸಿಟ್ಟ ಬಟ್ಟೆಯನ್ನು ಅತ್ತೆ ಸ್ಟೀಲಿನ ಡಬ್ಬದಲ್ಲಿ ಹಾಕಿ, ಮುಚ್ಚಳ ಬಿಗಿದು, ಅದರ ಮೇಲೆ ಒರಳುಗುಂಡನ್ನು ಹೇರಿದ್ದರು.

ಇಲಿವಾರದ ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗಿದ್ದೆ. ಅಟ್ಟದ ಮೇಲೆ ಛಟ್ ಎಂದಿತು. ಫ್ಯಾನು ನಿಂತಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಎದ್ದು ಹೊರಗೆ ನೋಡಿದರೆ ಎದುರು ಮನೆಯಲ್ಲಿ ಟಿವಿ ಜೋರಾಗಿಯೇ ಮಾತಾಡುತ್ತಿತ್ತು. ಹೋಯಿತು, ನಮ್ಮದು ಮಾತ್ರ ಹೋಯಿತು. ನನ್ನದು ಮೋಟರಿನ ಮಷೀನು. ಕಾಲಲ್ಲಿ ತುಳಿಯೋಣವೆಂದರೆ ಅದರ ಚರ್ಮದ ಬೆಲ್ಟು ಎಂದೋ ಇಲಿಗಳ ಪಾಲಾಗಿತ್ತು. ನಾಳೆ ಬೆಳಿಗ್ಗೆ ಕುಬಸ ಹೊಲಿಯುವುದು ಹೇಗೆ?

ವೈರಿಂಗ್ ಸಾಬರಿಗೆ ಫೋನು ಮಾಡಿದೆ. ನಮ್ಮ ಬೀದಿಯವರೇ, ಅವರ ತಂದೆ ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದವರು. ಚೀಲ ನೇತುಹಾಕಿಕೊಂಡು ಬಂದರು, ಮೇನ್ ಸ್ವಿಚ್ಚು ಇಳಿಸಿದರು, ಏಣಿ ಹತ್ತಿದರು. ಏಣಿಯ ಬುಡದಲ್ಲಿ ಅತ್ತೆ ನಿಂತಿದ್ದರು.

"ಇವತ್ತು ಏನೂ ಕತ್ತರಿಸಂಗಿಲ್ಲ ನೋಡಪ್ಪ," ಎಂದರು ಅತ್ತೆ.

"ಅಮ್ಮಾ, ವೈರು ಕತ್ತರಿಸದೆ ಹೆಂಗ್ ಜೋಡಿಸ್ಲಿ?"

"ಅದೆಲ್ಲ ನಂಗೊತ್ತಿಲ್ಲ. ಇಲಿವಾರ ಇವತ್ತು."

ನಾನು ಹಲ್ಲು ಕಚ್ಚಿಕೊಂಡೆ. ಸಾಬರು ಮಾತ್ರ ಇಕ್ಕಳವನ್ನು ಮೆಲ್ಲಗೆ ಚೀಲಕ್ಕೆ ಹಾಕಿಬಿಟ್ಟರು. "ನಮ್ಮಪ್ಪನೂ ಇವತ್ತಿನ ದಿನ ಸೂಜಿ ಮುಟ್ತಿರ್ಲಿಲ್ಲಮ್ಮಾ. ಅರಳೆ ಮನೆ ನೋಡ್ರಿ ನಮ್ದು, ಇಲಿ ಸಿಟ್ಟಾದ್ರೆ ಮುಗೀತು," ಎಂದರು. ಆಮೇಲೆ ಟಾರ್ಚು ಬಿಟ್ಟು ನೋಡಿ ಮೇಲಿನಿಂದಲೇ ನಗತೊಡಗಿದರು. ಏಣಿ ಅಲುಗಾಡುವಷ್ಟು ನಗು. "ಅಮ್ಮಾ, ನಾನು ಕತ್ತರಿಸೋದು ಏನೂ ಉಳಿದಿಲ್ರೀ. ಅವೇ ನೀಟಾಗಿ ಕತ್ತರಿಸಿ, ಮೇಲಿನ ಪ್ಲಾಸ್ಟಿಕ್ಕೂ ಸುಲಿದು ಇಟ್ಟಾವೆ. ನಾನು ಸುಮ್ನೆ ಜೋಡ್ಸೋದಷ್ಟೇ."

ಅತ್ತೆ ಏಣಿಯ ಬುಡದಿಂದ ಪಕ್ಕಕ್ಕೆ ಸರಿದರು. "ಅವೇ ಕತ್ತರಿಸಿದ್ರೆ ಅಡ್ಡಿಯಿಲ್ಲ," ಎಂದು ಅಪ್ಪಣೆ ಕೊಟ್ಟರು.

ನನಗೂ ನಗು ತಡೆಯಲಾಗಲಿಲ್ಲ. ಆದರೆ ಸಾಬರ ಮುಂದಿನ ಮಾತಿಗೆ ನಗು ನಿಂತಿತು. "ಅಕ್ಕಾ, ಇದೇನ್ರೀ, ವೈರಿಗೆ ತುಪ್ಪ ಸವರೀರಾ? ಇಲ್ಲಿಂದ ಅಲ್ಲಿತನಕ ಕಡುಬಿನ ಹೂರಣ ಮೆತ್ತೈತೆ."

ನಾನು ಅತ್ತೆಯ ಕಡೆ ತಿರುಗಿದೆ. ಅವರು ಸೆರಗಿನ ಅಂಚು ತಿರುವುತ್ತಿದ್ದರು. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಊಟಕ್ಕೆ ಮೊದಲು ಎಡೆ ಇಡುತ್ತೇನೆಂದು ಏಣಿ ಹತ್ತಿದವರು ಅವರೇ.

"ಎಂತ ಅತ್ತೆ ಇದು? ಬಟ್ಟೆಗೆ ಎಡೆ ಇಟ್ಟ ಹಾಗೆ ವೈರಿಗೂ ಇಟ್ರಾ? ಪೂಜೆ ಮಾಡಿಬಿಟ್ರೆ ಕಡಿಯದೆ ಬಿಡ್ತವೆ ಅಂತ ತಿಳಕೊಂಡ್ರಾ? ತುಪ್ಪ ಹಚ್ಚಿದ ವೈರು ಯಾವ ಇಲಿ ಬಿಡ್ತದೆ? ನಾಳೆ ಬೆಳಿಗ್ಗೆ ನಾನು ಎಂತದ್ರಲ್ಲಿ ಹೊಲೀಲಿ?"

"ಬಿಡ್ಲಿ ಅಂತ ಹಚ್ಚಿಲ್ಲವ್ವಾ," ಎಂದರು ಅತ್ತೆ. "ತಿನ್ಲಿ ಅಂತಾನೇ ಹಚ್ಚಿದ್ದು."

"ಹಂಗಂದ್ರೆ?"

"ಅವಕ್ಕೂ ಹಲ್ಲು ತುರಿಸ್ತತಿ, ಏನಾರ ಕಡೀಲೇಬೇಕು. ಬೇಕಾದ್ರೆ ಈ ಮನಿ ವೈರೆಲ್ಲಾ ತಿನ್ನು, ನನ್ನ ಮಗಳ ಕುಬಸದ ಬಟ್ಟಿ ಮುಟ್ಟಬ್ಯಾಡ ಅಂತ ಕೇಳ್ಕಂಡೆ. ವೈರು ಹೋದ್ರೆ ಹೊಸಾದು ತರಬೌದು."

ಏಣಿಯ ಮೇಲೆ ಸಾಬರು ನಗುವುದನ್ನು ನಿಲ್ಲಿಸಿದರು. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ. ಅತ್ತೆಯ ಕೈ ಹಿಡಿದುಕೊಳ್ಳಬೇಕೆನಿಸಿತು, ಆದರೆ ನಮ್ಮ ಮನೆಯಲ್ಲಿ ಅದೆಲ್ಲ ರೂಢಿಯಿಲ್ಲ. ಒಳಗೆ ಹೋಗಿ ಮೂರು ಲೋಟ ಚಹಾ ಮಾಡಿಕೊಂಡು ಬಂದೆ.

ಸಾಬರು ಚೀಲದಲ್ಲಿದ್ದ ಹಳೇ ತುಂಡು ವೈರನ್ನು ಸೇರಿಸಿ, ಅದರ ತುದಿಗಳನ್ನು ಲೈಟರಿನಿಂದ ಸುಟ್ಟು ಸುಲಿದು, ಟೇಪು ಸುತ್ತಿದರು. ಟೇಪನ್ನು ಹರಿಯುವಾಗ ಅತ್ತೆಯ ಮುಖ ನೋಡಿದರು. ಅತ್ತೆ ಬೇರೆ ಕಡೆ ನೋಡುತ್ತಿದ್ದರು. ಮೇನು ಏರಿಸಿದ ಕೂಡಲೇ, ನಾನು ಪರೀಕ್ಷೆಗೆಂದು ಒತ್ತಿ ಮರೆತಿದ್ದ ಫ್ಯಾನು, ಟಿವಿ, ಮಿಕ್ಸಿ ಎಲ್ಲ ಒಟ್ಟಿಗೆ ಹೊರಟು ಮನೆಯೊಳಗೆ ಜಾತ್ರೆಯಾಯಿತು. ಹೋಗುವಾಗ ಸಾಬರು ನನಗೆ ಪಾಠ ಹೇಳಿಯೇ ಹೋದರು. ಅಟ್ಟದ ಮೇಲಿನ ಚೂರುಬಟ್ಟೆ ಮೊದಲು ಖಾಲಿ ಮಾಡಬೇಕು. ವೈರುಗಳನ್ನೆಲ್ಲ ಕಬ್ಬಿಣದ ಪೈಪಿನೊಳಗೆ ಹಾಯಿಸಬೇಕು, ಪ್ಲಾಸ್ಟಿಕ್ ಪೈಪು ಅವಕ್ಕೆ ಹಪ್ಪಳ. ಗೋಡೆಯಲ್ಲಿ ವೈರು ಹೋಗುವ ತೂತಿಗೆ ಪಾತ್ರೆ ತಿಕ್ಕುವ ಸ್ಟೀಲಿನ ನಾರು ತುರುಕಿ ಮೇಲೆ ಸಿಮೆಂಟು ಮೆತ್ತಬೇಕು. ಈಗ ಅದೆಲ್ಲ ಆಗಿದೆ. ನನ್ನ ಕೌದಿಯ ಕನಸು ಮಾತ್ರ ಕಸದ ಗಾಡಿಯಲ್ಲಿ ಹೋಯಿತು.

ಮರುದಿನ ಇನ್ನೂ ಹಾಲಿನವನು ಬಂದಿರಲಿಲ್ಲ, ಅತ್ತೆ ನನ್ನನ್ನು ಎಬ್ಬಿಸಿ "ಇಲಿವಾರ ಮುಗೀತು, ಏಳು" ಎಂದರು. ನಾನು ಹೊಲಿಯುತ್ತಿರುವಷ್ಟೂ ಹೊತ್ತು ಕಸಬರಿಗೆ ಹಿಡಿದು ಅಟ್ಟದ ಕೆಳಗೆ ಕಾವಲು ನಿಂತರು. ಅಟ್ಟದಲ್ಲಿ ಸರಬರ ಎಂದರೆ ಸಾಕು, "ಏ, ಸುಮ್ಕಿರ್ರಿ, ಹೊಟ್ಟಿ ತುಂಬ ಹಾಕೀನಲ್ಲ ನಿಮಗ" ಎಂದು ಗದರುತ್ತಿದ್ದರು. ನಾನು ನಗುನಗುತ್ತ ಹೊಲಿದೆ. ಗೊಂಡೆ ಕಟ್ಟಿದೆ. ಇಸ್ತ್ರಿ ಹಾಕಿದೆ. ಕುಬಸ ಮತ್ತೆ ಸ್ಟೀಲಿನ ಡಬ್ಬಕ್ಕೆ ಹೋಯಿತು. ಶಿರಾಳಕೊಪ್ಪ ದಾಟಿ ಸೊರಬದವರೆಗೂ ಅತ್ತೆ ಆ ಡಬ್ಬವನ್ನು ತೊಡೆಯಿಂದ ಇಳಿಸಲಿಲ್ಲ. "ಏನಜ್ಜಿ, ಬೆಣ್ಣೆಯಾ?" ಎಂದು ಕಂಡಕ್ಟರು ಕೇಳಿದ್ದಕ್ಕೆ "ಬೆಣ್ಣೆಗಿಂತ ಮೆತ್ತಂದು" ಎಂದು ಹೇಳಿ ತಾವೇ ನಕ್ಕರು. ಅವರು ಅಷ್ಟು ನಕ್ಕದ್ದನ್ನು ನೋಡಿ ಬಹಳ ದಿನವಾಗಿತ್ತು.

ಕುಪ್ಪಗಡ್ಡೆಯಲ್ಲಿ ನಾದಿನಿಯನ್ನು ಒಳಕೋಣೆಗೆ ಕರೆದೊಯ್ದು ಕುಬಸ ತೊಡಿಸಿದೆವು. ಗುಂಡಿ ಹತ್ತಲಿಲ್ಲ. ಅಳತೆ ಕೊಟ್ಟ ಮೇಲೆ ಹುಡುಗಿ ತುಂಬಿಕೊಂಡಿದ್ದಳು.

"ಎಂತ ಅತ್ತಿಗೆ, ನಿಂಗೆ ಗೊತ್ತಾಗ್ಲಿಲ್ಲಾ ಇದು?" ಎಂದು ನಾದಿನಿ ನನ್ನನ್ನೇ ಕೆಣಕಿದಳು. ಕುಪ್ಪಗಡ್ಡೆಗೆ ಬಂದ ಮೇಲೆ ಅವಳ ಮಾತು ನನ್ನದರ ಹಾಗೇ ಆಗಿದೆ.

"ಬಗಲಲ್ಲಿ ಬಟ್ಟೆ ಬಿಟ್ಟಿದೀನಿ ಮಾರಾಯ್ತಿ, ಒಂದು ಹೊಲಿಗೆ ಬಿಚ್ಚಿದ್ರೆ ಆಯ್ತು. ಕತ್ತರಿ ಕೊಡು," ಎಂದೆ. ಹೊರಗೆ ಆರತಿಗೆ ಕರೆಯುತ್ತಿದ್ದರು.

"ಕತ್ತರಿ ಬ್ಯಾಡ," ಎಂದರು ಅತ್ತೆ. ಇಲಿವಾರ ಕಳೆದಿತ್ತು, ಆದರೂ ಮಗಳ ಹೊಟ್ಟೆಯ ಹತ್ತಿರ ಕಬ್ಬಿಣ ತರುವುದು ಅವರಿಗೆ ಬೇಡವಾಗಿತ್ತು. ಮಂಡಿಯೂರಿ ಕೂತು, ಮಗಳ ಕೈಯನ್ನು ಮೇಲೆತ್ತಿಸಿ, ಪಕ್ಕೆಯ ಹೊಲಿಗೆಯ ಕೆಳತುದಿಯನ್ನು ಹಲ್ಲಿನಲ್ಲಿ ಹಿಡಿದರು. ಕೆನ್ನೆ ಹೊಟ್ಟೆಗೆ ಒತ್ತಿಕೊಂಡಿತ್ತು. ಒಂದು ಎಳೆ ಕಡಿದರು, ಇನ್ನೊಂದು ಕಡಿದರು, ಆಮೇಲೆ ಇದ್ದಕ್ಕಿದ್ದಂತೆ ಕಡಿಯುವುದನ್ನು ನಿಲ್ಲಿಸಿಬಿಟ್ಟರು.

"ಏನಾತವ್ವಾ?" ಎಂದಳು ನಾದಿನಿ, ಗಾಬರಿಯಿಂದ.

ಅತ್ತೆ ಕೆನ್ನೆ ತೆಗೆಯಲಿಲ್ಲ. ತುಟಿಯ ಮೇಲೆ ಹಸಿರು ದಾರ ಅಂಟಿಕೊಂಡಿತ್ತು. "ಒದೀತು," ಎಂದರು. "ನನ್ನ ಕೆನ್ನಿಗೆ ಒದೀತು."

ಹೊರಗೆ ಮತ್ತೆ ಕರೆದರು. ಯಾರೂ ಹೋಗಲಿಲ್ಲ. ಅತ್ತೆ ಕಣ್ಣು ಮುಚ್ಚಿಕೊಂಡು, ಕೆನ್ನೆಯನ್ನು ಇನ್ನಷ್ಟು ಒತ್ತಿ, "ಇನ್ನೊಂದ್ ಸಲ ಒದಿ, ಒದಿ" ಎನ್ನುತ್ತ ಕಾಯುತ್ತಿದ್ದರು.