ಎರಡು ಗಾಡಿ, ಒಂದೇ ಜಾಲರಿ

ಹಿತ್ತಲಿನಾಚೆಯ ರೈಲ್ವೆ ಗೇಟಿನ ಬಳಿ ಡೆಮು ರೈಲು ಗುರುಗುಟ್ಟುತ್ತ ನಿಲ್ಲುವ ಸದ್ದು ಕೇಳಿದರೆ ನನ್ನ ಸೋದರಮಾವ ಸಾಣೆಚಕ್ರ ನಿಲ್ಲಿಸಿಬಿಡುತ್ತಾರೆ. ಕನ್ನಡಕದ ಗಾಜು ತಿದ್ದುವುದು ಅವರ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಆ ರೈಲಿಗೆ ಬೇರೆ ಎಂಜಿನ್ ಇಲ್ಲ. ಮೊದಲ ಬೋಗಿಯ ಹೊಟ್ಟೆಯಲ್ಲೇ ಡೀಸೆಲ್ ಯಂತ್ರ, ಅದರ ಮೂತಿಯಲ್ಲೇ ಡ್ರೈವರ್. “ಯಾರ ಹಂಗೂ ಇಲ್ಲದ ಗಾಡಿ,” ಎನ್ನುತ್ತಾರೆ ಮಾವ. ಅಂಥದ್ದೊಂದನ್ನು ಪುಟ್ಟದಾಗಿ ಮಾಡುವ ಆಸೆ ಅವರಿಗೆ ಹತ್ತಿದ್ದು, ಕತ್ತರಿಯಣ್ಣ ಮಾಡಿದ ಮೇಲೆ.

ಕತ್ತರಿಯಣ್ಣ ಎಂದರೆ ಎದುರಿನ ಕ್ಷೌರದಂಗಡಿಯವನು, ಮಾವನ ಬಾಲ್ಯದ ಗೆಳೆಯ. ಇಬ್ಬರೂ ಗ್ರಂಥಾಲಯದ ಮಹಡಿಯ ಪುಟಾಣಿ ರೈಲು ಸಂಘದವರು. ಅಲ್ಲಿನ ದೊಡ್ಡ ಮೇಜಿನ ಸುತ್ತ ಹಳಿ ಹಾಸಿದೆ. ವರ್ಷಕ್ಕೆ ಒಂದೇ ಒಂದು ಹೊಸ ಗಾಡಿಗೆ ಅದರ ಮೇಲೆ ಓಡುವ ಭಾಗ್ಯ, ಉಳಿದವು ಕಪಾಟಿಗೆ. ಪ್ರತಿ ವರ್ಷವೂ ಓಡುವುದು ಕತ್ತರಿಯಣ್ಣನದು, ಮಾವನದು ಕಪಾಟೇ.

ಈ ಸಲ ಮಾವ ಎರಡು ಸಿದ್ಧ ಪುಟಾಣಿ ಬೋಗಿ ಕೊಂಡು ತಂದರು. ಒಂದರ ತುದಿಯನ್ನು ಸಣ್ಣ ಗರಗಸದಿಂದ ಕೊಯ್ದು, ಪ್ಲಾಸ್ಟಿಕ್ ಹಾಳೆಯಲ್ಲಿ ಮೂತಿ ಕಟ್ಟಿದರು. ಉಪ್ಪುಕಾಗದದಿಂದ ಉಜ್ಜಿದರು, ಕಿತ್ತರು, ಮತ್ತೆ ಕಟ್ಟಿದರು. ಅದು ಒಮ್ಮೆ ಹಂದಿಯಂತೆ ಕಂಡಿತು, ಒಮ್ಮೆ ಇಸ್ತ್ರಿಪೆಟ್ಟಿಗೆಯಂತೆ.

“ಕತ್ತರಿಯಣ್ಣಂದು ನೋಡಿದ್ರಾ? ನಿಜವಾದ ರೈಲನ್ನೇ ಬಿಸಿನೀರಲ್ಲಿ ನೆನೆಸಿ ಕುಗ್ಗಿಸಿದ ಹಾಗಿದೆ,” ಎಂದರು ಅತ್ತೆ.

“ಹಾಗಾದ್ರೆ ಅವನನ್ನೇ ಕಟ್ಕೋಬೇಕಿತ್ತು.”

“ಕೇಳಿದ್ರೆ ಯೋಚನೆ ಮಾಡ್ತಿದ್ದೆ.”

ಮಾವ ಕಟ್ಟಿದ್ದ ಮೂತಿಯನ್ನು ಮತ್ತೆ ಕಿತ್ತರು.

ಮರುವಾರ ಕತ್ತರಿಯಣ್ಣನೇ ಪೆಟ್ಟಿಗೆ ಹಿಡಿದು ಬಂದ. “ಲೋ, ನನ್ನ ಗಾಡಿ ಕಿಟಕಿಗೆ ಗಾಜು ಕೂರಿಸಿಕೊಡೋ. ನಿನ್ನಂಥ ಕೈ ಇನ್ನೊಂದಿಲ್ಲ.”

ಮೂರು ದಿನ ಅದು ಮಾವನ ಮೇಜಿನ ಮೇಲಿತ್ತು. ಗಾಜನ್ನು ಅಚ್ಚುಕಟ್ಟಾಗಿಯೇ ಕೂರಿಸಿದರು. ಕಸುಬಿಗೆ ಮೋಸ ಮಾಡುವುದು ಅವರಿಂದಾಗದು. ಆಮೇಲೆ ಮಸೂರದ ದಪ್ಪ ನೋಡುವ ಅಳತೆಕಡ್ಡಿ ಹಿಡಿದು ಆ ಮೂತಿಯ ಓರೆ, ಹಣೆಯ ಎತ್ತರ, ಎಡಪಕ್ಕದ ಗಾಳಿಜಾಲರಿಯ ಏಳು ಪಟ್ಟಿ, ಒಂದನ್ನೂ ಬಿಡದೆ ಅಳೆದು ಬರೆದುಕೊಂಡರು. ನಾನು ಟೀ ಇಡಲು ಹೋದಾಗ ಚೀಟಿಯನ್ನು ಅಂಗೈಯಿಂದ ಮುಚ್ಚಿದರು. ಸುಂದರವಾದದ್ದನ್ನು ಅಷ್ಟು ಹತ್ತಿರದಿಂದ, ಅಷ್ಟು ಸಿಟ್ಟಿನಿಂದ ನೋಡುವವರನ್ನು ನಾನು ಕಂಡದ್ದು ಅಂದೇ ಮೊದಲು.

ಆಯ್ಕೆಯ ದಿನ ಎರಡು ಗಾಡಿಗಳೂ ಅಕ್ಕಪಕ್ಕ ನಿಂತವು. ತೀರ್ಪು ಹೇಳುವವರು, ನಿಜವಾದ ಡೆಮು ಓಡಿಸಿ ನಿವೃತ್ತರಾದ ಡ್ರೈವರಜ್ಜ. ಮೊದಲು ಕತ್ತರಿಯಣ್ಣನ ಗಾಡಿಯನ್ನು ಎತ್ತಿ ತಿರುಗಿಸಿದರು.

“ಎಡಗಡೆ ಇದ್ಯಾವ ಜಾಲರಿ? ಅಷ್ಟು ವರ್ಷ ಓಡಿಸಿದೀನಿ, ಈ ಜಾಗದಲ್ಲಿ ಜಾಲರಿ ನೋಡೇ ಇಲ್ಲ.”

ಕತ್ತರಿಯಣ್ಣ ತಲೆ ಕೆರೆದುಕೊಂಡ. “ಅಯ್ಯೋ ಅಜ್ಜಾ, ಅಲ್ಲಿ ಚಾಕು ಜಾರಿ ತೂತಾಯ್ತು. ಮುಚ್ಚೋಕೆ ಜಾಲರಿ ಅಂಟಿಸಿಬಿಟ್ಟೆ.”

ಎಲ್ಲರೂ ನಕ್ಕರು. ಅಜ್ಜ ನಗುನಗುತ್ತಲೇ ಮಾವನ ಗಾಡಿಗೆ ಬಾಗಿದರು. ಅದೇ ಜಾಗ, ಅದೇ ಜಾಲರಿ, ಅದೇ ಏಳು ಪಟ್ಟಿ.

ಕತ್ತರಿಯಣ್ಣನೂ ನೋಡಿದ. “ನಿನ್ನ ಚಾಕೂ ಅಲ್ಲೇ ಜಾರ್ತೇನೋ?” ಎಂದ, ಮೆಲ್ಲಗೆ.

ಈಗ ಯಾರೂ ನಗಲಿಲ್ಲ. ಅಜ್ಜ ಮಾವನ ಗಾಡಿಯನ್ನು ಮುಟ್ಟದೆ ಕತ್ತರಿಯಣ್ಣನಿಗೆ ಹೇಳಿದರು: “ಜಾಲರಿ ಕಿತ್ತು ತಾ. ನಿಂದೇ ಓಡಲಿ.”

“ಕೇಳಿದ್ರೆ ನಕ್ಷೆ ನಾನೇ ಕೊಡ್ತಿದ್ನಲ್ಲೋ,” ಎಂದ ಕತ್ತರಿಯಣ್ಣ. ಅವನ ದನಿಯಲ್ಲಿ ಕೋಪವಿರಲಿಲ್ಲ. ಅದನ್ನೇ ಮಾವನಿಗೆ ತಾಳಲಾಗಲಿಲ್ಲ.

“ಕೇಳೋದಾ? ನಿನ್ನನ್ನ? ವರ್ಷಾ ವರ್ಷಾ ಇಲ್ಲಿ ನಿಂತು ನಿನ್ನ ಗಾಡಿಗೆ ಚಪ್ಪಾಳೆ ತಟ್ಟಿದೀನಿ. ಒಂದೇ ಒಂದು ಸಲ ನೀನು ಈ ಜಾಗದಲ್ಲಿ ನಿಂತು ನನ್ನ ಗಾಡಿಗೆ...” ಎಂದವರೇ ಮಾವ ಮಾತು ಮುಗಿಸದೆ ಮೆಟ್ಟಿಲ ಕಡೆ ನಡೆದುಬಿಟ್ಟರು.