ಬಿಡಲಾಗದ ಸಾ

ಅವರ ಎಡಗೈಯ ನಾಲ್ಕು ಬೆರಳ ತುದಿಗಳೂ ಹುಣಸೆ ಬೀಜದಂತೆ ಗಟ್ಟಿಯಾಗಿದ್ದವು. ಇಷ್ಟು ಬರೆದು ಎಷ್ಟೋ ಸಲ ಪೆನ್ನು ಕೆಳಗಿಟ್ಟಿದ್ದೇನೆ. ನನಗೆ ಎಂಬತ್ತು ದಾಟಿತು, ನೆವಗಳು ಮುಗಿಯಲಿಲ್ಲ. ಈಗಲೂ ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದೆ.

ಅವರು ಜಮಖಂಡಿ ಸಂಸ್ಥಾನದ ಬ್ಯಾಂಡಿನಲ್ಲಿ ಇದ್ದವರು. ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಬ್ಯಾಂಡು ಚದುರಿತು, ಕೈಯಲ್ಲಿ ಗಿಟಾರೊಂದು ಉಳಿಯಿತು. ನಾನು ಮ್ಯಾಟ್ರಿಕ್ ಮುಗಿಸಿ ಬನಹಟ್ಟಿಯ ನಾಟಕ ಕಂಪನಿಯೊಂದರಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದೆ. ವಾರಕ್ಕೊಮ್ಮೆ ಅವರ ಮನೆಗೆ ಹೋಗಿ ಗಿಟಾರ್ ಕಾರ್ಡು, ಮೂರ್ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸುವುದು, ಕಲಿಯುತ್ತಿದ್ದೆ.

"ಸಾ, ಗ, ಪ ಎಲ್ಲಾರಿಗೂ ಬರತೈತಿ. ಇದರ ಮ್ಯಾಲೆ ನಿ ಇಡು, ಮ್ಯಾಲಿನ ರಿ ಇಡು. ಈಗ ಮಂದಿ ಹೆಚ್ಚಾತು, ಜಮಖಾನಿ ಸಣ್ಣದಾತು" ಎಂದು ನಗುತ್ತಿದ್ದರು. ತಳದಲ್ಲಿ ಸಾ ಬದಲು ಗ ಕೂರಿಸಿ, ಪ ಕೂರಿಸಿ, ಅವೇ ಸ್ವರಗಳಿಗೆ ಬೇರೆಯೇ ಮುಖ ತರುತ್ತಿದ್ದರು. "ನಿ ತಳಕ್ಕ ಕುಂತಾಗ ಸಾ ಎದ್ದು ಹೋಗಬೇಕು ನೋಡು. ಇಲ್ಲಾಂದ್ರ ಸವತೇರ ಜಗಳ. ನಿಮ್ಮ ಪೇಟಿ ಮಂದಿಗೆ ಸಾ ಬಿಡೂದಂದ್ರ ಜೀವಾ ಬಿಟ್ಟಂಗಲೇ."

ಕಂಪನಿಯ ಮಾಲೀಕರಿಗೆ ಅವರ ಸುದ್ದಿ ಹೇಳಿದವನು ನಾನೇ. ತಾಲೀಮಿನಲ್ಲಿ ಕೇಳಿ ನೋಡೋಣ, ಹಿಡಿಸಿದರೆ ಕೆಲಸ, ಎಂದರು. ಮಾಸ್ತರರು ಬ್ಯಾಂಡಿನ ಹಳೆಯ ಕೋಟಿಗೆ ಇಸ್ತ್ರಿ ಮಾಡಿಸಿ ತೊಟ್ಟು ಬಂದರು. ಮಧ್ಯಾಹ್ನ ಹಾಡು ಶುರುವಾಯಿತು. ಚರಣದ ಕೊನೆಗೆ ಅವರು ತಳದ ತಂತಿಯಲ್ಲಿ ನಿ ಹಿಡಿದು ನನ್ನತ್ತ ಕಣ್ಣು ಮಾಡಿದರು. ನನ್ನ ಬೆರಳು ರೂಢಿಯಂತೆ ಸಾ ಮೇಲೆಯೇ ಇತ್ತು. ಕಿವಿಗೆ ಗೀರಿದಂತಾಯಿತು. ಹಾಡುತ್ತಿದ್ದ ನಟಿ ನಿಂತುಬಿಟ್ಟರು.

"ಯಾರದಲೇ ಅದು?" ಎಂದರು ಮಾಲೀಕರು.

"ಮಾಸ್ತರ ಬೆರಳು ಜಾರಿತ್ರಿ" ಎಂದೆ.

ಮಾಸ್ತರರು ನನ್ನ ಪೇಟಿ ನೋಡಿದರು. ನಾನಿನ್ನೂ ಸಾ ಮೇಲಿನ ಬೆರಳು ತೆಗೆದಿರಲಿಲ್ಲ.

"ವಯಸ್ಸಾತ್ರಿ ಮಾಲಕ್ರ, ಜಾರತಾವ" ಎಂದರು.

"ಹಂಗಾರ ನಮಗ ಪೇಟಿ ಒಂದ ಸಾಕ್ ಬಿಡ್ರಿ."

ಅವರನ್ನು ಬಸ್ಸಿನವರೆಗೂ ಕಳಿಸಲು ಹೋಗಲಿಲ್ಲ. ಮತ್ತೆ ಪಾಠಕ್ಕೂ ಹೋಗಲಿಲ್ಲ. ಗಿಟಾರ್ ಮಾರಿ ಹುನ್ನೂರಿನ ಮಗಳ ಮನೆ ಸೇರಿದರು ಎಂದು ಯಾರೋ ಹೇಳಿದರು. ಸೈಕಲ್ ತುಳಿದಿದ್ದರೆ ಹೋಗಬಹುದಾದ ದೂರ. ನಾಳೆ, ನಾಡಿದ್ದು ಎನ್ನುವಷ್ಟರಲ್ಲಿ ತೀರಿಕೊಂಡ ಸುದ್ದಿ ಬಂತು.

ಆಮೇಲೆ ಮಾಲೀಕರಿಗೆ ನಿಜ ಹೇಳಿದೆ. "ಈಗ್ಯಾಕಪಾ ಅದು" ಎಂದರು. ಹೆಂಡತಿಗೂ ಹೇಳಿದೆ, ಮಕ್ಕಳಿಗೂ ಹೇಳಿದೆ. ತಪ್ಪಾಯಿತೆಂದು ಹೇಳಬೇಕಾಗಿದ್ದದ್ದು ಒಬ್ಬರಿಗೆ ಮಾತ್ರ. ನನ್ನ ಗಿಟಾರ್ ಮಾಸ್ತರರಿಗೆ.