ಪದ್ಮತ್ತೆಯ ಶನಿವಾರದ ಇಂಗ್ಲಿಷು

ನನ್ನ ಸೋದರತ್ತೆ ಪದ್ಮ ಪ್ರಶ್ನೆ ಕೇಳುತ್ತಿದ್ದಳು, ಉತ್ತರವನ್ನೂ ತಾನೇ ಕೊಟ್ಟುಬಿಡುತ್ತಿದ್ದಳು. ತಾಂಬರಂನ ಅವಳ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ಶುರು: "ಬಿಸಿಲಲ್ಲಿ ಬಂದ್ಯಾ? ಬಂದಿದೀಯ. ಮಜ್ಜಿಗೆ ಬೇಕಾ? ಬೇಕು. ಸುಮ್ನೆ ಸಂಕೋಚಕ್ಕೆ ಬೇಡ ಅಂತೀಯ." ನಾವು ಬಾಯಿ ತೆರೆಯುತ್ತಿದ್ದದ್ದು ಮಜ್ಜಿಗೆ ಕುಡಿಯುವುದಕ್ಕೆ ಮಾತ್ರ.

ಇಂಥವಳು ವಿದೇಶಿ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಮಾತಾಡುವ ಅಭ್ಯಾಸ ಮಾಡಿಸಲು ಹೊರಟರೆ ನಗಬೇಕೋ ಅಳಬೇಕೋ! ಮೈಸೂರಿನಿಂದ ಮದುವೆಯಾಗಿ ಇಲ್ಲಿಗೆ ಬಂದವಳು, ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾಗಿದ್ದಳು. ಹೊರದೇಶದ ಮಕ್ಕಳ ಜೊತೆ ವಾರಕ್ಕೊಮ್ಮೆ ಮಾತಾಡುವವರು ಬೇಕು ಎಂದು ಹತ್ತಿರದ ಕಾಲೇಜಿನವರು ಅಂದದ್ದೇ ತಡ, ಅತ್ತೆ ಒಪ್ಪಿಬಿಟ್ಟಳು. ಶನಿವಾರ ಮಧ್ಯಾಹ್ನ ನಾಲ್ಕೈದು ಮಕ್ಕಳು ಬಂದು ಕೂರುತ್ತಿದ್ದರು. ಅತ್ತೆ ಮಾತಾಡುತ್ತಿದ್ದಳು, ಅವರು ಕೋಡುಬಳೆ ಕಡಿಯುತ್ತ ತಲೆಯಾಡಿಸುತ್ತಿದ್ದರು.

ಅವರಲ್ಲಿ ಮೊಜಾಂಬಿಕ್‌ನ ಅಮೇಲಿಯಾ ತೀರ ಮೌನಿ. ಓದು ಮುಗಿಯುತ್ತ ಬಂದಿತ್ತು, ಅವಳ ಊರಿನ ಕಂಪನಿಯೊಂದು ಫೋನಿನಲ್ಲಿ ಇಂಗ್ಲಿಷ್ ಸಂದರ್ಶನ ಇಟ್ಟುಕೊಂಡಿತ್ತು. ಆ ಕೆಲಸ ಸಿಕ್ಕರೆ ತಂಗಿಯನ್ನೂ ಓದಿಸಬಹುದು ಎಂಬುದು ಅವಳ ಆಸೆ. ಒಂದು ಶನಿವಾರ ಅಭ್ಯಾಸಕ್ಕೆಂದು ನಾನು ಕಂಪನಿಯ ಅಧಿಕಾರಿಯಂತೆ ಕೂತು, "ನಿಮ್ಮ ಬಗ್ಗೆ ಹೇಳಿ" ಎಂದೆ. ಅವಳು ಬಾಯಿ ತೆರೆದಳು ಅಷ್ಟೆ.

"ಇವಳು ಬಹಳ ಬುದ್ಧಿವಂತೆ! ಲೆಕ್ಕದಲ್ಲಿ ಮುಂದೆ! ಅಡುಗೆ ಮಾತ್ರ ಬರಲ್ಲ," ಎಂದು ಅತ್ತೆ ಇಂಗ್ಲಿಷಿನಲ್ಲಿ ಉತ್ತರಿಸಿದಳು.

"ಅತ್ತೆ, ಕೆಲಸ ಬೇಕಾಗಿರೋದು ಅವಳಿಗೆ!"

"ಗೊತ್ತು ಕಣೇ. ಪಾಪ, ತನ್ನ ಬಗ್ಗೆ ತಾನೇ ಹೇಳ್ಕೊಳಕ್ಕೆ ನಾಚ್ಕೊಳತ್ತೆ ಮಗು."

ಮೆಟ್ಟಿಲಿಳಿಯುವಾಗ ಅಮೇಲಿಯಾ ತಡವರಿಸುತ್ತ ನನಗೆ ಹೇಳಿದಳು: "ಆಂಟಿ ಮಾತಾಡಿದರೆ ಕೆಲಸ ಖಂಡಿತ ಸಿಗುತ್ತದೆ. ನಾನು ಮಾತಾಡಿದರೆ?" ನಕ್ಕಳು, ಆದರೆ ಕಣ್ಣು ತುಂಬಿತ್ತು.

ದೇವರ ದಯೆಯೋ ಏನೋ, ಆ ವಾರ ಅತ್ತೆಯ ಗಂಟಲು ಕೆಟ್ಟಿತು. ಕೆಲವು ದಿನ ಪಿಸುಮಾತೂ ಕೂಡದು ಎಂದರು ಡಾಕ್ಟರು. ಮಾವ ಗಂಭೀರವಾಗಿ ತಲೆಯಾಡಿಸಿದರು. ಸಂಜೆ ಅವರು ಬಾಲ್ಕನಿಯಲ್ಲಿ ಹಾಡು ಗುನುಗುತ್ತಿದ್ದದ್ದನ್ನು ನಾನೇ ಕೇಳಿದ್ದೇನೆ.

ಶನಿವಾರ ಅತ್ತೆ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಕೂತಳು. ಮಕ್ಕಳು ಕೋಡುಬಳೆ ಹಿಡಿದು ಮುಖ ಮುಖ ನೋಡಿಕೊಂಡರು. ಕೊನೆಗೆ ಅಮೇಲಿಯಾಳೇ ಕೇಳಿದಳು, "ಆಂಟಿ, ಬಿಸಿನೀರು ಕುಡಿದಿರಾ?" ಅತ್ತೆ ಇಲ್ಲವೆಂದು ತಲೆ ಅಲ್ಲಾಡಿಸಿದಳು. "ಮಾತ್ರೆ?" ಅದೂ ಇಲ್ಲ. ಹುಡುಗಿಗೆ ಕೋಪ ಬಂತು. ನೀರು ಕಾಯಿಸಿ ತಂದು ಕೈಗಿತ್ತು, ತನ್ನ ಅಜ್ಜಿ ಗಂಟಲುನೋವಿಗೆ ಏನೇನು ಮಾಡುತ್ತಿದ್ದಳು, ಮಾತು ಕೇಳದವರನ್ನು ಹೇಗೆ ಬೈಯುತ್ತಿದ್ದಳು ಎಂದು ಶುರುಮಾಡಿದಳು. ಇಂಗ್ಲಿಷು ಅಲ್ಲಲ್ಲಿ ಎಡವಿತು, ಆದರೆ ನಿಲ್ಲಲಿಲ್ಲ. ತಿದ್ದಬೇಕೆಂದು ಅತ್ತೆ ಒದ್ದಾಡಿದ್ದು ನೋಡಬೇಕಿತ್ತು! ಅಂಗೈಯಿಂದ ಬಾಯಿ ಒತ್ತಿ ಹಿಡಿದುಕೊಂಡು ಕೂತಿದ್ದಳು. ಸಂಜೆಯವರೆಗೂ ಅವತ್ತು ಆ ಮನೆಯಲ್ಲಿ ಮಕ್ಕಳದೇ ಮಾತು.

ಗಂಟಲು ಸರಿಹೋದ ಮೇಲೂ ಅತ್ತೆ ಶನಿವಾರ ಮಫ್ಲರ್ ಬಿಚ್ಚಲಿಲ್ಲ. "ಇನ್ನೂ ನೋವಿದ್ಯಾ?" ಎಂದರೆ ನನಗೆ ಕಣ್ಣು ಹೊಡೆದಳು. ಸಂದರ್ಶನದಲ್ಲಿ ಅಮೇಲಿಯಾ ಗೆದ್ದಳು.

ಅವಳು ಊರಿಗೆ ಹೊರಟ ದಿನ ತಾಂಬರಂ ಸ್ಟೇಷನ್ನಿಗೆ ನಾವಿಬ್ಬರೂ ಹೋದೆವು. ವಿಮಾನ ನಿಲ್ದಾಣದ ಕಡೆಗೆ ಹೋಗುವ ಎಲೆಕ್ಟ್ರಿಕ್ ಟ್ರೇನು ಬಂದು ನಿಂತಾಗ ಅತ್ತೆ ಕೇಳಿದಳು, "ಮತ್ತೆ ಬರ್ತೀಯಾ?" ಕೇಳಿ ಸುಮ್ಮನಾದಳು. ಕಾದಳು.

ಅಮೇಲಿಯಾ ಅವಳ ಕೈ ಹಿಡಿದುಕೊಂಡು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದಳು: "ನಿಮಗೆ ಸುಳ್ಳು ಹೇಳಲಾರೆ ಆಂಟಿ. ಇಷ್ಟು ದೂರ ಮತ್ತೆ ಬರಲು ನನ್ನಿಂದ ಆಗುತ್ತದೆ ಅನ್ನಿಸುವುದಿಲ್ಲ. ಆದರೆ ನಿಮ್ಮನ್ನು ಬಿಟ್ಟು ಹೋಗಲು ನನಗೆ ಇಷ್ಟವಿಲ್ಲ."

ಅವರಿಬ್ಬರೂ ಮತ್ತೆ ಭೇಟಿಯಾಗಲಿಲ್ಲ. ಅತ್ತೆ ತೀರಿಹೋಗಿಯೂ ಈಗ ಎರಡು ವರ್ಷವಾಯಿತು. ಅವತ್ತು ಟ್ರೇನು ಹೊರಟ ಮೇಲೆ ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದ್ದು ನೆನಪಿದೆ.

"ಕೇಳಿಸ್ಕೊಂಡ್ಯಾ? ಎಷ್ಟು ಚೆನ್ನಾಗಿ ಹೇಳಿದ್ಲು! ಒಂದು ತಪ್ಪಿಲ್ಲ ಕಣೇ."